ಪರದೆಯ ಮೇಲಿನ ಅಕ್ಷರಗಳನ್ನು ನೀಲಿ ಮಾಡುವವರನ್ನು ಪತ್ತೆ ಹಚ್ಚುವ ಕುರಿತು

ಕನ್ನಡ ಕರಪತ್ರ ಪರಿಶೀಲನಾ ವಿಭಾಗ
ಹಡಪಸರ, ಪುಣೆ

ಸುತ್ತೋಲೆ ಸಂಖ್ಯೆ: ಕಕಪವಿ/ನೀಲಿ/ಪತ್ತೆ/2005

ವಿಷಯ: ತಂತ್ರಾಂಶದೊಳಗಿನ ಬ್ರೌಸರ್ ಕಿಟಕಿಯಲ್ಲಿ ಸಿಬ್ಬಂದಿಯು ಅಕ್ಷರಗಳನ್ನು ಮೌಸಿನಿಂದ ಎಳೆದು ಆಯ್ಕೆ ಮಾಡುವ ದುರಭ್ಯಾಸವನ್ನು ಪತ್ತೆ ಹಚ್ಚಿ ಮಟ್ಟ ಹಾಕುವ ಬಗ್ಗೆ.

ಉಲ್ಲೇಖ:
(ಅ) ಗಣಕಯಂತ್ರದ ಗಾಜಿಗೆ ಬೆರಳು ತಾಗಿಸುವುದನ್ನು ನಿಷೇಧಿಸಿದ ಈ ವಿಭಾಗದ ಹಿಂದಿನ ಸುತ್ತೋಲೆ.
(ಆ) ತಮ್ಮ ಕರಪತ್ರದ ಮಾತುಗಳು ಬೇರೆಯವರ ಕರಪತ್ರದಲ್ಲಿ ಕಂಡವೆಂದು ಪಂಪ್‌ಸೆಟ್ ವ್ಯಾಪಾರಿಯೊಬ್ಬರು ಫೋನಿನಲ್ಲಿ ಕೂಗಾಡಿದ್ದು.
(ಇ) ಹಂಗಾಮಿ ಓದುಗಾರ ಭೀಮು ಅವರ ಬಲಗೈ.

ಪ್ರಸ್ತಾವನೆ

ಪಂಪ್‌ಸೆಟ್, ಗೊಬ್ಬರ, ಕೀಟನಾಶಕಗಳ ಜೊತೆ ಬರುವ ಕನ್ನಡ ಕರಪತ್ರಗಳನ್ನು ಅಚ್ಚಿಗೆ ಹೋಗುವ ಮೊದಲು ಓದಿ ತಪ್ಪು ಹುಡುಕುವುದು ಈ ವಿಭಾಗದ ಕೆಲಸವೆಂದು ನಾಮಫಲಕದಿಂದ ತಿಳಿದುಬರುತ್ತದೆ. ಇದಕ್ಕಾಗಿ ಒಂದು ತಂತ್ರಾಂಶವನ್ನು ಒದಗಿಸಲಾಗಿದ್ದು, ಅದರ ಹೊಟ್ಟೆಯೊಳಗೆ ಒಂದು ಬ್ರೌಸರ್ ಕಿಟಕಿಯನ್ನು ಕೂರಿಸಲಾಗಿದೆ. ಕರಪತ್ರವು ಕಿಟಕಿಯಲ್ಲಿ ಕಾಣುತ್ತದೆ. ಸಿಬ್ಬಂದಿ ಅದನ್ನು ನೋಡಿ, ತಪ್ಪಿದ್ದರೆ ಕೆಂಪು ಗುಂಡಿ, ಇಲ್ಲದಿದ್ದರೆ ಹಸಿರು ಗುಂಡಿ ಒತ್ತಬೇಕು. ಇಷ್ಟೇ. ಇಷ್ಟನ್ನು ಬಿಟ್ಟು ಅಕ್ಷರಗಳ ಮೇಲೆ ಮೌಸ್ ಎಳೆದು ಅವನ್ನು ನೀಲಿ ಮಾಡುವವರು ಇದ್ದಾರೆ. ನೀಲಿ ಮಾಡಿದವನು ನಕಲು ಮಾಡುತ್ತಾನೆ, ನಕಲು ಮಾಡಿದವನು ಮಾರುತ್ತಾನೆ, ಮಾರಿದವನು ಬಾರಾಮತಿಯಲ್ಲಿ ಬಂಗಲೆ ಕಟ್ಟುತ್ತಾನೆ ಎಂದು ವಿಭಾಗವು ಊಹಿಸಿದೆ. ಊಹೆಗೆ ಆಧಾರ ಕೇಳುವಂತಿಲ್ಲ. ಆದಕಾರಣ ಸರ್ವರಿಗೂ ಈ ಮೂಲಕ ಸೂಚಿಸಲಾಗಿರುವುದೇನೆಂದರೆ:

1. ಒಂದು ಅಕ್ಷರ ನೀಲಿಯಾದರೆ ಅದನ್ನು ಕುತೂಹಲವೆಂದೂ, ಒಂದು ಪದ ನೀಲಿಯಾದರೆ ಸಂಚೆಂದೂ, ಒಂದು ಸಾಲು ನೀಲಿಯಾದರೆ ಕಳ್ಳತನವೆಂದೂ ಪರಿಗಣಿಸಲಾಗುವುದು. ಇಡೀ ಪುಟವೇ ನೀಲಿಯಾದಲ್ಲಿ ಅದನ್ನು ಕೈತಪ್ಪೆಂದು ಮನ್ನಿಸಲಾಗುವುದು, ಏಕೆಂದರೆ ಅದು ಮುಖ್ಯಸ್ಥರಿಂದ ದಿನಾ ಆಗುತ್ತದೆ.

2. ಯಾವ ಆಸನದಿಂದ ಒಂದು ಪೂರ್ತಿ ತಿಂಗಳು ಯಾವುದೇ ನೀಲಿ ಪತ್ತೆಯಾಗುವುದಿಲ್ಲವೋ ಆ ಆಸನದ ಹಂಗಾಮಿ ನೌಕರಿಯನ್ನು ಖಾಯಂ ಮಾಡಲಾಗುವುದು. ಪತ್ತೆಯಾದಲ್ಲಿ ಮನೆಗೆ ಕಳಿಸಲಾಗುವುದು.

3. ಇಲ್ಲಿ ಭೀಮು ಅವರ ವಿಷಯವನ್ನು ವಿವರಿಸುವುದು ಅನಿವಾರ್ಯವಾಗಿದೆ. ಪುಣೆಯ ಕೋಥರೂಡದಲ್ಲಿ ವಸತಿ ಸೊಸೈಟಿಗಳ ಕಟ್ಟಡಗಳು ಮೇಲೇಳುತ್ತಿದ್ದ ಕಾಲದಲ್ಲಿ ಇವರ ತಾಯಿ ಸಾಬವ್ವ ಅಲ್ಲಿ ಕಾಂಕ್ರೀಟ್ ಬುಟ್ಟಿ ಹೊರುತ್ತಿದ್ದರು. ಸದರಿ ಭೀಮು ಕನ್ನಡ ಕಲಿತದ್ದು ಅದೇ ಸೈಟಿನ ತಗಡಿನ ಶೆಡ್ಡಿನ ಶಾಲೆಯಲ್ಲಿ. ಪುಸ್ತಕ ಒಂದು, ಮಕ್ಕಳು ಶೆಡ್ಡು ತುಂಬ. ಯಾರ ಬೆರಳು ಸಾಲಿನ ಕೆಳಗಿದೆಯೋ ಸರದಿ ಅವರದು. ಬೆರಳು ತೆಗೆದರೆ ಪುಸ್ತಕ ಪಕ್ಕದವನ ಪಾಲು. ಏಳನೆಯ ತರಗತಿಗೆ ಶಾಲೆ ಇವರನ್ನು ಬಿಟ್ಟಿತು, ಬೆರಳು ಬಿಡಲಿಲ್ಲ. ಕೆಳಗೆ ಬೆರಳಿಲ್ಲದ ಸಾಲು ಇವತ್ತಿಗೂ ಇವರ ಕಣ್ಣಿಗೆ ನಿಲ್ಲುವುದಿಲ್ಲ. ಮೊದಲು ಗಾಜಿನ ಮೇಲೆ ಬೆರಳಿಟ್ಟು ಓದುತ್ತಿದ್ದರು. ವಿಭಾಗವು ಗಾಜನ್ನು ಕಾಪಾಡಿತು. ಆಮೇಲೆ ಬೆರಳಿನ ಬದಲು ಮೌಸ್ ಎಳೆಯತೊಡಗಿದರು. ಸಾಲು ನೀಲಿಯಾಗುತ್ತ ಹೋದಂತೆ ಇವರ ಕಣ್ಣು ಅದರ ಹಿಂದೆ ಹೋಗುತ್ತಿತ್ತು. ಅಂದರೆ, ಇವರು ಕೆಲಸದ ವೇಳೆಯಲ್ಲಿ ಓದುತ್ತಿದ್ದರು ಎಂಬುದು ಸಾಬೀತಾಗಿದೆ.

4. ಖಾಯಂ ಆದ ದಿನ ತಾಯಿಯ ತಲೆಯ ಮೇಲಿನ ಬುಟ್ಟಿ ಇಳಿಸುವುದಾಗಿ ಸದರಿಯವರು ಮಾತು ಕೊಟ್ಟಿದ್ದರೆಂದು ಕ್ಯಾಂಟೀನಿನಿಂದ ತಿಳಿದುಬಂದಿದೆ. ಇದು ವಿಭಾಗಕ್ಕೆ ಸಂಬಂಧಪಟ್ಟದ್ದಲ್ಲ. ಕಡತದಲ್ಲಿ ಜಾಗ ಉಳಿದಿದ್ದರಿಂದ ನಮೂದಿಸಲಾಗಿದೆ.

5. ಪತ್ತೆಯ ವಿಧಾನ: ತನ್ನೊಳಗೆ ಏನು ನೀಲಿಯಾಯಿತೆಂದು ಸದರಿ ಕಿಟಕಿಯು ಹೊರಗಿನ ತಂತ್ರಾಂಶಕ್ಕೆ ತಾನಾಗಿ ತಿಳಿಸುವುದಿಲ್ಲ. ತಂತ್ರಾಂಶ ಬರೆಯಲು ಬೆಂಗಳೂರಿನಿಂದ ಬಂದಿರುವ ಶೈಲಾ ಅವರು, "ಸರ್, ಸೆಲೆಕ್ಟ್ ಆಯ್ತು ಅಂತ ಅದು ಹೇಳಲ್ಲ. ನಾವೇ ಟೈಮರ್ ಇಟ್ಟು ಆಗಾಗ ಕೇಳ್ತಾ ಇರ್ಬೇಕು. ಆದ್ರೆ ಓದೋಕೆ ಎಳೆದ್ರಾ ಕದಿಯೋಕೆ ಎಳೆದ್ರಾ, ಅದು ಮಾತ್ರ ಯಾವ ಟೈಮರ್‌ಗೂ ಗೊತ್ತಾಗಲ್ಲ ಸರ್" ಎಂದು ವರದಿ ಮಾಡಿರುತ್ತಾರೆ. ವರದಿಯ ಮೊದಲರ್ಧವನ್ನು ಅಂಗೀಕರಿಸಲಾಗಿದೆ. ಎರಡನೆಯ ಅರ್ಧ ಬರುವಷ್ಟರಲ್ಲಿ ಚಹಾ ಬಂದಿತ್ತು.

6. ಅದರಂತೆ ತಂತ್ರಾಂಶವು ಕಣ್ಣು ಮಿಟುಕಿಸುವಷ್ಟರಲ್ಲಿ ಒಮ್ಮೆ, "ಏನಾದರೂ ನೀಲಿಯಾಯಿತೇ?" ಎಂದು ಕಿಟಕಿಯನ್ನು ಕೇಳುತ್ತಿರುತ್ತದೆ. ಹಾಗೆ ಕೇಳುವಾಗ ಗಣಕಯಂತ್ರವು ಸ್ತಬ್ಧವಾಗುತ್ತದೆ. ಯಂತ್ರಕ್ಕೆ ಮುಜುಗರವಾಗದಂತೆ ಸಿಬ್ಬಂದಿಯೂ ಸ್ತಬ್ಧರಾಗತಕ್ಕದ್ದು. ಸೀನು ಬಂದವರು ಪ್ರಶ್ನೆ ಮುಗಿಯುವವರೆಗೆ ತಡೆಯತಕ್ಕದ್ದು.

7. ಅಕ್ಷರವಿಲ್ಲದ ಖಾಲಿ ಜಾಗದಲ್ಲಿ ಕ್ಲಿಕ್ಕಿಸಿದರೂ "ಆಯ್ಕೆ ಇದೆ, ಅದರೊಳಗೆ ಏನೂ ಇಲ್ಲ" ಎಂದು ಕಿಟಕಿ ಉತ್ತರಿಸುತ್ತದೆ. ಹೀಗೆ ಏನೂ ಇಲ್ಲದ್ದನ್ನು ಕದ್ದವರು ಅದನ್ನು ಕಚೇರಿ ಮುಗಿಯುವುದರೊಳಗೆ ಇದ್ದ ಸ್ಥಿತಿಯಲ್ಲೇ ಹಿಂದಿರುಗಿಸಿ ಸ್ವೀಕೃತಿ ಪಡೆಯತಕ್ಕದ್ದು.

8. ಉಳಿದ ಓದುಗಾರರು ಕರಪತ್ರ ತೆರೆದೊಡನೆ ಹಸಿರು ಗುಂಡಿ ಒತ್ತುತ್ತಿದ್ದು, ಅವರ ಹೆಸರಿನಲ್ಲಿ ಒಂದೂ ನೀಲಿ ಇಲ್ಲ. ಇವರ ಪ್ರಾಮಾಣಿಕತೆಯನ್ನು ಶ್ಲಾಘಿಸಲಾಗಿದೆ. ಸಾಲುಸಾಲಾಗಿ ನೀಲಿ ಪತ್ತೆಯಾದದ್ದು ಭೀಮು ಅವರ ಆಸನದಿಂದ ಮಾತ್ರ; ಕೆಂಪು ಗುಂಡಿ ಒತ್ತುತ್ತಿದ್ದವರೂ ಅವರೊಬ್ಬರೇ. ಅದರಿಂದ ಮುದ್ರಣಾಲಯಕ್ಕೆ ಸುಮ್ಮನೆ ಕಾಯುವ ತೊಂದರೆಯಾಗಿದೆ.

9. ವಿಚಾರಣೆ: ಮೇಲ್ವಿಚಾರಕ ಮನೋಹರ ಅವರು ವಿಚಾರಣೆ ನಡೆಸಿ, "ಏ ಭೀಮು, ಎಲ್ಲಾರೂ ಸುಮ್ನ ಕುಂತು ನೋಡ್ತಾರ, ನಿನಗಷ್ಟ ಏನಾಗ್ಯದೋ? ಕೈ ಕಟ್ಟಿ ಕುಂದ್ರು" ಎಂದು ಬುದ್ಧಿ ಹೇಳಲಾಗಿ, ಸದರಿಯವರು "ಕೈ ಕಟ್ಟಿದ್ರ ಓದಾಕ ಆಗಂಗಿಲ್ರಿ ಸರ್, ಸಾಲು ತಪ್ಪತಾವ" ಎಂದಿರುತ್ತಾರೆ. "ಓದು ಅಂತ ನಿನಗ ಯಾರು ಹೇಳ್ಯಾರ? ನೋಡು ಅಂದಾರ" ಎಂದು ಮನೋಹರ ಅವರು ನಿಯಮವನ್ನು ಬಿಡಿಸಿ ಹೇಳಿದರು. ಆಗ ಸದರಿಯವರು ಎದ್ದು ನಿಂತು, "ನೋಡಿ ಹಸಿರು ಒತ್ತಿದ್ರ, ನಾಳೆ ಹೊಲದಾಗ ಔಷಧ ಹೊಡಿಯಾಂವ ತಪ್ಪು ಅಳತಿ ಕಲಸಿ ಸತ್ರ ಯಾರ ಕೈ ಕಟ್ತೀರಿ ಸರ್?" ಎಂದು ಕೇಳಿದ್ದು ದಾಖಲಾಗಿದೆ. ಪ್ರಶ್ನೆ ಕೇಳುವ ಅಧಿಕಾರವನ್ನು ತಂತ್ರಾಂಶಕ್ಕೆ ಮಾತ್ರ ನೀಡಲಾಗಿರುವುದರಿಂದ ಇದಕ್ಕೆ ಉತ್ತರಿಸಿಲ್ಲ. ಸದರಿಯವರನ್ನು ಅದೇ ಕ್ಷಣ ಕೆಲಸದಿಂದ ತೆಗೆಯಲಾಗಿದೆ.

10. ಮರುದಿನ ಸಾಬವ್ವ ಎಂಬುವರು ಸಿಮೆಂಟು ಮೆತ್ತಿದ ಕೈಯಲ್ಲೇ ಗೇಟಿಗೆ ಬಂದು, "ಯಪ್ಪಾ, ನನ್ನ ಮಗ ಕಳ್ಳ ಅಲ್ಲೋ. ಬೆರಳಿಟ್ಟ ಓದ್ತಾನ, ಅಷ್ಟ. ಬೆರಳು ಯಾವುದು ಕಳವು ಯಾವುದು ತಿಳಿಯದ ಮಿಷಿನ್ ಯಾಕ ಕುಂದ್ರಿಸೀರಿ?" ಎಂದು ಸಾರ್ವಜನಿಕವಾಗಿ ಕೇಳಿರುತ್ತಾರೆ. ಮನೋಹರ ಅವರು ಶಾಂತಚಿತ್ತರಾಗಿ, "ಯವ್ವಾ, ಮಿಷಿನ್ ಹೇಳಿದ್ದ ನಾವು ಕೇಳಬೇಕಾಗ್ತದ್ರಿ" ಎಂದರು. ಅದಕ್ಕೆ ಆಕೆ, "ಅದು ಬಾಯಿ ಬಿಟ್ಟು ಏನೂ ಹೇಳಂಗಿಲ್ಲಂತಲ್ಲೋ! ನೀವ ಹಗಲೆಲ್ಲ ಅದರ ಮುಂದ ಕೇಳ್ಕೋತ ಕುಂದ್ರತೀರಂತ!" ಎಂದಾಗ ಕಾವಲುಗಾರರು ನಕ್ಕಿದ್ದು ಕಂಡುಬಂದಿದೆ. ಸಂದರ್ಶಕರ ಪಾಸಿಲ್ಲದೆ ಆಡಿದ ಈ ಮಾತುಗಳನ್ನು ಎಲ್ಲಿಯೂ ದಾಖಲಿಸಲಾಗಿಲ್ಲ. ಕಾವಲುಗಾರರ ನಗೆಗೆ ಕಾರಣ ಕೇಳಿ ನೋಟಿಸ್ ನೀಡಲಾಗಿದೆ.

11. ಭೀಮು ಹೊರಟಾಗ ಅವರ ಗಣಕಯಂತ್ರವನ್ನು ಯಾರೂ ಆರಿಸಿರಲಿಲ್ಲ. ತಂತ್ರಾಂಶವು ಅಂದಿನಿಂದ ಅವರ ಖಾಲಿ ಕುರ್ಚಿಯ ಮುಂದಿನ ಕಿಟಕಿಯನ್ನು ಎಡೆಬಿಡದೆ ಕೇಳುತ್ತ ಬಂದಿದೆ. ಕಿಟಕಿಯು ಎಡೆಬಿಡದೆ "ಇಲ್ಲ" ಎಂದಿದೆ. ಮೌಸ್ ಅಲುಗಿಲ್ಲ, ಅಕ್ಷರ ನೀಲಿಯಾಗಿಲ್ಲ, ಎದುರು ಮಾತು ಬಂದಿಲ್ಲ. ಹೀಗೆ ತಿಂಗಳು ತುಂಬಿದೆ. ಇಂಥ ಶಿಸ್ತನ್ನು ವಿಭಾಗವು ಈವರೆಗೆ ಕಂಡಿಲ್ಲ.

12. ಆದುದರಿಂದ ಕಲಂ 2ರ ಅನ್ವಯ ಸದರಿ ಕುರ್ಚಿಯನ್ನು ಓದುಗಾರ ಹುದ್ದೆಯಲ್ಲಿ ಖಾಯಂಗೊಳಿಸಿ ಆದೇಶಿಸಲಾಗಿದೆ. ಕುರ್ಚಿಯ ಹಿಂದಿನ ಕಾಲು ಸಡಿಲವಾಗಿರುವುದರಿಂದ ವೈದ್ಯಕೀಯ ಪರೀಕ್ಷೆಯಿಂದ ವಿನಾಯಿತಿ ನೀಡಲಾಗಿದೆ. ಕುರ್ಚಿಗೆ ಕೈಗಳಿದ್ದರೂ ಗುಂಡಿ ಒತ್ತಲು ಬಾರದ ಕಾರಣ, ಅದರ ಪಾಲಿನ ಕೀಟನಾಶಕದ ಕರಪತ್ರಗಳಿಗೆ ಮನೋಹರ ಅವರು ಆ ಕಡೆ ಹೋಗುವಾಗ ಬರುವಾಗ ಹಸಿರು ಒತ್ತತಕ್ಕದ್ದು.

13. ಈ ಸುತ್ತೋಲೆಯನ್ನು ಯಾರೂ ಬೆರಳಿಟ್ಟು ಓದತಕ್ಕದ್ದಲ್ಲ.

ಸಹಿ/-
(ನೋಡಿ ಸಹಿ ಮಾಡಲಾಗಿದೆ)
ವಿಭಾಗದ ಮುಖ್ಯಸ್ಥರು

ಪ್ರತಿಗಳು:
– ಮೇಲ್ವಿಚಾರಕ ಮನೋಹರ ಅವರಿಗೆ, ಪಾಲನೆಗಾಗಿ.
– ಶೈಲಾ ಅವರಿಗೆ, ಮುಂದಿನ ವರದಿಗಳನ್ನು ಅರ್ಧಕ್ಕೇ ನಿಲ್ಲಿಸುವ ಸಲುವಾಗಿ.
– ಕಾವಲುಗಾರರಿಗೆ, ಗಂಭೀರವಾಗಿರಲು.
– ಖಾಯಂ ಕುರ್ಚಿಗೆ, ಅಭಿನಂದನೆಗಳೊಂದಿಗೆ. ಬೆನ್ನಿಗೆ ಅಂಟಿಸುವುದು.
– ಸೂಚನಾ ಫಲಕಕ್ಕೆ, ಗಾಜಿನ ಒಳಗೆ.
– ಮಾಜಿ ಹಂಗಾಮಿ ಓದುಗಾರ ಭೀಮು ಅವರಿಗೆ ಪ್ರತಿ ಕಳುಹಿಸತಕ್ಕದ್ದಲ್ಲ. ಕಳುಹಿಸಿದಲ್ಲಿ ಓದುವ ಸಂಭವವಿದೆ.