ಅಕ್ಕೋರು ಗಾಡಿ ಹೊಡದ್ರಷ್ಟ ಹತ್ತೂ ಲೈಟು

ಗಾಡಿ ರಿಪೇರಿ ಮಾಡೂ ಮಂದಿ ಬಾಳೇದಾಗ ನಗಿಗೇನ ಕಮ್ಮಿ ಇಲ್ರಿ, ಆ ಹೊತ್ತಿನ್ಯಾಗ ನಗೂವಷ್ಟು ಸಮಾಧಾನ ನಮಗಿರೂದಿಲ್ಲ ಅಷ್ಟ. ಗೋಕಾಕದಾಗ ನಂದೊಂದು ಗ್ಯಾರೇಜ್ ಐತಿ, ಕಾರ್ ಗಾಡಿ ವೈರಿಂಗ್ ಕೆಲಸ. ಪೂರಾ ಕೆಟ್ಟು ನಿಂತ ಗಾಡಿ ಬಂದ್ರ ನನಗ ಏನೂ ಅನಸೂದಿಲ್ಲ. ಬಿಚ್ಚೂದು, ನೋಡೂದು, ಕಟ್ಟೂದು. ಆದ್ರ ಸ್ಟೇರಿಂಗ್ ಮುಂದಿನ ಮೀಟರಿನ್ಯಾಗ ಒಮ್ಮೆ ಹತ್ತಿ ಒಮ್ಮೆ ಆರೂ ಎಚ್ಚರಿಕಿ ಲೈಟ್ ಅದಾವಲ್ಲ, ಅವು ನನ್ನ ಜೀವಾ ತಿಂತಾವು. ಒಂದು ಬ್ರೇಕಿನ ಎ.ಬಿ.ಎಸ್. ಲೈಟು. ಇನ್ನೊಂದು ಗಾಲಿ ಜಾರಬಾರ್ದಂತ ಇರೂ ಟ್ರ್ಯಾಕ್ಷನ್ ಲೈಟು, ಸಣ್ಣ ಗಾಡಿ ಚಿತ್ರ, ಅದರ ಕೆಳಗ ಸೊಟ್ಟ ಸೊಟ್ಟ ಎರಡು ಗೆರಿ. ಹಾದ್ಯಾಗ ಎರಡೂ ಕೂಡೇ ಹತ್ತತಾವು, ನನ್ನ ಗ್ಯಾರೇಜ್ ಬಾಗಲಾ ಕಂಡ ಕೂಡ್ಲೆ ಕೂಡೇ ಆರತಾವು. ಗಿರಾಕಿ ನನ್ನ ಮಾರಿ ನೋಡ್ತಾನ, ನಾ ಗಿರಾಕಿ ಮಾರಿ ನೋಡ್ತೇನಿ.

ಅಂಥಾ ಗಾಡಿ ಬಂತಂದ್ರ ಕುಂತಲ್ಲಿ ಕುಂದರಾಕ ಆಗೂದಿಲ್ಲ ನನಗ. ಬುತ್ತಿ ಬಿಚ್ಚಿ ರೊಟ್ಟಿ ಮುರದಾಂವ, ಅದನ್ನ ಕೈಯಾಗ ಹಿಡಕೊಂಡ ಗಾಡಿ ಕೆಳಗ ಹೊಕ್ಕಿರ್ತೇನಿ. "ನಿಮ್ಮ ತಲ್ಯಾಗನ ಒಂದ್ ಲೈಟ್ ಹತ್ತಿ ಹತ್ತಿ ಆರಾಕತ್ತೈತಿ, ಮೊದಲ ಅದನ್ನ ನೋಡ್ಕೋರಿ" ಅಂತಾಳ ನನ್ನ ಹೆಂಡ್ತಿ. ಅದರಾಗ ಈ ಸಲಾ ಒಂದ್ ಲೈಟು ಸಾಲಿ ಕಲಸೂ ಅಕ್ಕೋರೊಬ್ಬರ ಕೈಯಾಗಿನ ಗಾಡಿ ಕೀಲೀನ ಕಸಗೊಳ್ಳಾಕ ಬಂದಿತ್ತು. ಅದನ್ನ ಹೇಳ್ತೇನಿ, ತಡೀರಿ, ಮೊದಲ ಹುಕ್ಕೇರಿ ಕಾಕಾಂದು ಮುಗಸೂನು.

ಟಿಕಳಿ

ಹುಕ್ಕೇರಿಯಿಂದ ಕಾಳಿನ ವ್ಯಾಪಾರಿ ಕಾಕಾ ಒಬ್ಬ ಬಂದ. ಗಾಡ್ಯಾಗ ಬಗ್ಗಿ ನೋಡ್ತೇನಿ, ಎ.ಬಿ.ಎಸ್. ಲೈಟ್ ಇರೂ ಜಾಗಾದ ಮ್ಯಾಲ ಹಣಿಗಿ ಹಚ್ಚೂ ಕೆಂಪು ಟಿಕಳಿ, ಅದೂ ದೊಡ್ಡದು.

"ಇದೇನ್ರಿ ಕಾಕಾ?"

"ಕಣ್ಣಿಗಿ ಕುಕ್ಕತಿತ್ತೋ ತಮ್ಮಾ. ಇದನ್ನ ಹಚ್ಚಿದೆ ನೋಡು, ಆರಾಮ ಆತು."

"ಆರಾಮ ಆಗಿದ್ರ ಇಲ್ಲಿಗ್ಯಾಕ ಬಂದ್ರಿ?"

"ಬಾಜೂಕ ಇನ್ನೊಂದು ಹತ್ತೇತಿ. ನಿಮ್ಮ ಕಾಕೂ ಇನ್ನೊಂದು ಟಿಕಳಿ ಕೊಡವಲ್ಲಳು."

ಗಾಡಿ ಸುತ್ತ ಹಾದು ನೋಡಿದ್ನಿ. ಮುಂದಿನ ಬಲಗಾಲಿ ಉಳದ ಮೂರಕ್ಕಿಂತ ದೊಡ್ಡದು. ಅಳಿಯಾನ ಜೀಪಿನ ಟೈರ್ ಸುಮ್ನ ಬಿದ್ದಿತ್ತಂತ, ಹಾಕಿಸ್ಯಾನ. ದೊಡ್ಡ ಗಾಲಿ ಸಾವಕಾಶ ತಿರಗತೈತಿ, ಸಣ್ಣವು ಲಗೂ ತಿರಗತಾವು, ಒಂದ್ ಗಾಲಿ ಜಾರಾಕತ್ತೈತಿ ಅಂತ ಗಾಡಿ ಹೆದರಿ ಲೈಟ್ ಹಚ್ಚತೈತಿ. ಸರಿಯಾದ ಟೈರ್ ಹಾಕಿದ್ನಿ, ಎರಡೂ ಲೈಟ್ ಆರಿದ್ವು. ಕಾಕಾ ಟಿಕಳಿ ಕಿತ್ತ, ಒಗೀಲಿಲ್ಲ. ಮುಂದಿನ ಕಾಜಿನ ಮೂಲ್ಯಾಗ ಹಚ್ಚಿದ.

"ಇರ್ಲಿ ಬಿಡು, ಮುಂದ ಯಾವ ಲೈಟ್ ಹತ್ತತೈತೋ ಏನೋ" ಅಂದ.

ಇಂಜಿನ್ ಆಯುಷ್ಯ

ಈಗ ಅಕ್ಕೋರ ಮಾತು. ಅವರ ಸಾಲಿ ಕೌಜಲಗ್ಯಾಗ, ಮನಿ ಮೂಡಲಗ್ಯಾಗ. ಗಂಡ ಅಲ್ಲೇ ಗೊಬ್ಬರದ ಅಂಗಡಿ ಸಾವಕಾರ. ಅಕ್ಕೋರು ಹೊಸದಾಗಿ ಗಾಡಿ ಕಲ್ತು ದಿನಾ ತಾವ ಹೊಡಕೊಂಡು ಸಾಲಿಗಿ ಹೋಗಾಕತ್ತಿದ್ರು. ಅದು ಸಾವಕಾರ್ರಿಗಿ ಸೇರ್ತಿದ್ದಿಲ್ಲ. ಒಂದಿನಾ ಇಬ್ಬರೂ ಕೂಡೇ ನನ್ನ ಗ್ಯಾರೇಜಿಗಿ ಬಂದ್ರು.

"ನಾ ಹೊಡದ್ರ ಒಂದ್ ದಿನಾನೂ ಲೈಟ್ ಹತ್ತಿಲ್ಲ" ಅಂದ್ರು ಸಾವಕಾರ್ರು. "ಇಕಿ ಕುಂತ್ಲಂದ್ರ ಎರಡೂ ಹತ್ತತಾವು. ಯಾರ ಕೈ ಅಂತ ಗಾಡಿಗೇ ಗೊತ್ತಾಗೇತಿ. ಇನ್ನೊಮ್ಮೆ ಹತ್ತಲಿ, ಕೀಲಿ ನನ್ನ ಕಿಸೆದಾಗ, ಇಕಿ ಬಸ್ಸಿನ್ಯಾಗ."

ಅಕ್ಕೋರು ಹಿಂದ ಉಳದು ನನಗಷ್ಟ ಕೇಳೂವಂಗ ಅಂದ್ರು, "ಬಸ್ಸಿಗಿ ಕಾದು ಕಾದು ಅರ್ಧಾ ನೌಕರಿ ಮುಗಸೇನ್ರಿ. ಈಗೀಗ ಎಲ್ಲಿಗಿ ಬೇಕಂದ್ರ ಅಲ್ಲಿಗಿ ಹೋಗಬಹುದು ಅನಸಾಕತ್ತೈತಿ. ಏನರ ಮಾಡ್ರಿ, ಆ ಲೈಟ್ ಹಿಡೀರಿ."

ದೋಷ ಹುಡಕೂ ಮಷೀನ್ ಹಚ್ಚಿದ್ನಿ. ಮುಂದಿನ ಎಡಗಾಲಿ ತಿರಗೂದನ್ನ ಅಳಿಯೂ ಸೆನ್ಸರ್ ಅಂತ ತೋರಿಸ್ತು. ಮಷೀನ್ ಯಾವ ಮನ್ಯಾಗ ಜಗಳ ಐತಿ ಅಂತ ಹೇಳತೈತಿ, ಯಾಕ ಜಗಳ ಅಂತ ಹೇಳೂದಿಲ್ಲ. ಗಾಲಿ ಬಿಚ್ಚಿದ್ನಿ, ಸೆನ್ಸರ್ ಒರಸಿದ್ನಿ, ವೈರ್ ಜಗ್ಗಿ ನೋಡಿದ್ನಿ. ಎಲ್ಲಾ ಬರೋಬ್ಬರಿ. ಸಾವಕಾರ್ರನ್ನ ಹೊಡ್ಯಾಕ ಹಚ್ಚಿ ನಾ ಬಾಜೂಕ ಕುಂತು ಧುಪದಾಳ ಒಡ್ಡಿನ ತನಕಾ ಹೋದ್ವಿ. ಲೈಟ್ ಸುದ್ದಿನ ಇಲ್ಲ.

"ಹೊಳ್ಳಸ್ರಿ, ಹೋಗೂನು" ಅಂದ್ನಿ.

"ಬಂದ ಹಾದಿಲೇ ಹೊಳ್ಳಬಾರ್ದು" ಅಂದವರ, ಯಾವ್ಯಾವ ಹಳ್ಳಿ ಸುತ್ತಿಸಿ ಗೋಕಾಕಕ್ಕ ತಂದ್ರು. ಶಾಸ್ತ್ರ ಕಟ್ಟಾ ಪಾಲಸೂ ಮನಶಾ ಅಂತ ತಿಳಕೊಂಡ್ನಿ. ಗ್ಯಾರೇಜಿನ ಒಳಗ ತಂದು ನಿಲ್ಲಿಸಿ ಚಾ ಕುಡದ್ರು. ಹೊಂಟಾಗ, "ಹಿಂದಕ್ಕ ನೂಕ್ರಿ" ಅಂದ್ರು.

"ಯಾಕ್ರಿ? ಗಾಡಿ ಚಾಲೂ ಐತೆಲ್ಲಾ?"

"ಹಿಂದಕ್ಕ ಹೊಡದ್ರ ಇಂಜಿನ್ ಆಯುಷ್ಯ ಕಮ್ಮಿ ಆಕ್ಕೈತಿ. ನಮ್ಮ ಅಂಗಡ್ಯಾಗೂ ಹಮಾಲರೇ ನೂಕತಾರ."

ಗ್ಯಾರೇಜ್ ಹಾಕಿದಾಗಿಂದ ಈ ಮಾತ ಕೇಳಿದ್ದಿಲ್ಲ. ಆದ್ರೂ ಗಿರಾಕಿ, ಏನ ಅನ್ನೂದು? ಹಲ್ಲ ಕಚ್ಚಿ ನೂಕಿದ್ನಿ. ಇಂಜಿನ್ ಆಯುಷ್ಯ ಉಳೀತು, ನನ್ನ ಸೊಂಟದ್ದು ಹೋತು.

ದೇವರ ವಾಹನ

ವಾರ ಕಳೀಲಿಲ್ಲ, ಅಕ್ಕೋರ ಫೋನು. "ಸಾಲಿ ಬಿಟ್ಟು ಹೊಂಟಾಗ ಮತ್ತ ಹತ್ತಿದ್ವು. ಬಂದ್ ಮಾಡಿ ಚಾಲೂ ಮಾಡಿದ್ನಿ, ಆರಿದ್ವು. ಮನ್ಯಾಗ ಇನ್ನೂ ಹೇಳಿಲ್ರಿ."

ನನಗ ತಲಿ ಕೆಟ್ಟ ಹೋತು. ಅದ ತಲ್ಯಾಗ ಇದ್ದಾಗ ಮೆಳವಂಕಿ ಕಬ್ಬಿನ ರೈತನೊಬ್ಬ ಬಂದ. ಅವಂದೂ ಅದ ಎರಡು ಲೈಟ್! ಸಿಟ್ಟಿಲೇ ಬಾನೆಟ್ ಎತ್ತಿದ್ನಿ. ಒಳಗ ಇಲಿ ಸಂಸಾರ ಹೂಡಿತ್ತು. ಅರಿವಿ ತುಂಡು, ಶೇಂಗಾ ಸಿಪ್ಪಿ, ಅದರ ಬಾಜೂಕ ಅರ್ಧಾ ತಿಂದ ಸೆನ್ಸರ್ ವೈರ್.

"ಇಲಿ ಹಿಡ್ಯೂ ಬೋನ್ ಇಡ್ರಿ" ಅಂದ್ನಿ.

"ಛೇ ಛೇ! ಗಣಪತಿ ವಾಹನ ಅದು. ನಮ್ಮ ಮನ್ಯಾಗ ಇಲಿ ಮ್ಯಾಲ ಕೈ ಎತ್ತಂಗಿಲ್ಲ."

"ದೇವರ ವಾಹನ ನಿಮ್ಮ ವಾಹನಾನ ತಿಂದ ಹಾಕೇತಲ್ರಿ ಮಾರಾಯರ!"

ಅಂವ ಒಂದೀಟು ವಿಚಾರ ಮಾಡಿ ಅಂದ, "ಹಂಗಾರ ಎರಡ್ ವೈರ್ ಹಾಕ್ರಿ. ಅದಕ್ಕೊಂದು, ನನಗೊಂದು."

ಬೇವಿನ ಗಿಡದ ಕೆಳಗ

ಅಕ್ಕೋರ ಲೈಟ್ ಮತ್ತ ಹತ್ತಿದ್ದು ಮನ್ಯಾಗೂ ಗೊತ್ತಾತು. "ರವಿವಾರ ಮೂವರೂ ಕೂಡಿ ಹೋಗೂನು, ನನ್ನ ಕಣ್ಣ ಮುಂದ ಹತ್ತಿದ್ರ ಕೀಲಿ ಕಸಗೊಂಡಂಗ" ಅಂತ ಸಾವಕಾರ್ರು ಫೈಸ್ಲಾ ಮಾಡಿದ್ರು. ನಾ ಗ್ಯಾರೇಜ್ ಬಂದ್ ಇಟ್ಟು ಮೂಡಲಗಿಗಿ ಹೋದ್ನಿ.

ಅಕ್ಕೋರು ಹೊಡ್ಯಾಕತ್ರು, ಬಾಜೂಕ ನಾ, ಹಿಂದ ಸಾವಕಾರ್ರು. ಲೈಟ್ ಹತ್ತಬಾರ್ದು ಅಂತ ಅಕ್ಕೋರು, ಹತ್ತಲಿ ಅಂತ ಸಾವಕಾರ್ರು. ನಾನೂ ಹತ್ತಲೆಪಾ ಅಂತಿದ್ನಿ, ಹತ್ತಲಾರದ ನಾ ಅದನ್ನ ಹೆಂಗ ಹಿಡೀಲಿ? ಅಕ್ಕೋರ ಮಾರಿ ನೋಡಿದ್ರ ಮತ್ತ ಬ್ಯಾಡಾ ಅನಸ್ತಿತ್ತು. ಕೂತಲ್ಲೇ ಹತ್ತ ಸಲಾ ಹೊಳ್ಳ್ಯಾಡಿದ್ನಿ. "ನಿಮಗೇನ ಇರಬಿ ಕಡ್ಯಾಕತ್ತಾವೇನ್ರಿ?" ಅಂದ್ರು ಅಕ್ಕೋರು.

ಕೌಜಲಗಿ ಬಂತು, ಲೈಟ್ ಹತ್ತಲಿಲ್ಲ. ಸಾಲಿ ಹೊರಗ ಬೇವಿನ ಗಿಡದ ಕೆಳಗ, ಗ್ವಾಡಿಗಿ ಮಾರಿ ಮಾಡಿ ಗಾಡಿ ಹಚ್ಚಿದ್ರು. ದಿನಾ ಅಲ್ಲೇ ಹಚ್ಚೂದಂತ. ಹೊಳ್ಳಿ ಹೊಂಟ್ವಿ. ಹಿಂದ ನೀರಿನ ಟಾಕಿ ಇತ್ತು. ಅದನ್ನ ತಪ್ಪಸಾಕ ಅಕ್ಕೋರು ಸ್ಟೇರಿಂಗ್ ಪೂರಾ ತಿರುವಿ ರಿವರ್ಸ್ ತಗೊಂಡ್ರು ನೋಡ್ರಿ, ಟಕ್ ಅಂತ ಎರಡೂ ಲೈಟ್ ಹತ್ತಿದ್ವು!

"ಕೀಲಿ!" ಅಂತ ಹಿಂದಿಂದ ಕೈ ಬಂತು.

ಅಕ್ಕೋರು ಗಾಡಿ ಮತ್ತ ಗ್ವಾಡಿಗಿ ಹಚ್ಚಿ ಬಂದ್ ಮಾಡಿದ್ರು, ಕೀಲಿ ಕೊಟ್ಟು ಇಳದ್ರು. ಕಣ್ಣಾಗ ನೀರು ನಿಂತಿದ್ವು.

ಸಾವಕಾರ್ರು ದೌಲತ್ತಿಲೇ ಬಂದು ಮುಂದ ಕುಂತ್ರು. ಚಾಲೂ ಮಾಡಿದ್ರು, ಲೈಟ್ ಆರಿದ್ವು. "ನೋಡಿದ್ರೇನು?" ಅಂದ್ರು. ಆಮ್ಯಾಲ ಮುಂದಿನ ಗ್ವಾಡಿ ನೋಡಿದ್ರು, ಹಿಂದಿನ ಟಾಕಿ ನೋಡಿದ್ರು, ಮತ್ತ ಗ್ವಾಡಿ ನೋಡಿದ್ರು.

"ಏನ ನೋಡ್ತೀರಿ?" ಅಂದ್ರು ನನಗ. "ಇಳದು ಹಿಂದಕ್ಕ ನೂಕ್ರಿ."

ಆಗ ಧುಪದಾಳದ ಹಾದಿ ನೆನಪಾತು, ಗ್ಯಾರೇಜ್ ನೆನಪಾತು, ನನ್ನ ಸೊಂಟಾನೂ ನೆನಪಾತು. "ಸಾವಕಾರ್ರ, ನಿಮಗ ರಿವರ್ಸ್ ಬರೂದಿಲ್ಲೇನ್ರಿ?"

"ನಾ ಗಾಡಿ ತಗೊಂಡದ್ದು ಮುಂದ ಹೋಗಾಕ" ಅಂದ್ರು ಸಾವಕಾರ್ರು, "ಹಿಂದ ಬರಾಕಲ್ಲ!"

ನಾ ಜಿಗದು ಕೆಳಗಿಳದ್ನಿ. "ಸ್ಟೇರಿಂಗ್ ಪೂರಾ ತಿರುವ್ರಿ!" ಅಂತ ಒದರಿ ಎಡಗಾಲಿ ಹಿಂದ ತಲಿ ಹಾಕಿದ್ನಿ. ಸೆನ್ಸರ್ ವೈರ್ ಅರಿವಿ ಒಣಹಾಕೂ ಹಗ್ಗದಂಗ ಬಿಗದಿತ್ತು. ಒತ್ತಿ ನೋಡ್ತೇನಿ, ಮ್ಯಾಲಿನ ರಬ್ಬರ್ ಸಾಬೂತ, ಒಳಗ ತಾಮ್ರ ಕಡದೈತಿ. ಗಾಲಿ ಸರಳ ಇದ್ರ ತುದಿಗಿ ತುದಿ ಹತ್ತತಿತ್ತು, ಪೂರಾ ತಿರುವಿದ್ರ ಬಿಡತಿತ್ತು. ಅಕ್ಕೋರು ದಿನಾ ತಿರುವಿ ರಿವರ್ಸ್ ತಗೀತಿದ್ರು, ಒಮ್ಮೊಮ್ಮೆ ಲೈಟ್ ಹತ್ತತಿತ್ತು. ಸಾವಕಾರ್ರು ಜನ್ಮದಾಗ ಪೂರಾ ತಿರುವಿದ್ದಿಲ್ಲ, ಎಲ್ಲಿಂದ ಹತ್ತಬೇಕು?

ಅಲ್ಲೇ ವೈರ್ ಜೋಡಿಸಿದ್ನಿ. ಅಕ್ಕೋರು ಕಣ್ಣ ಒರಸಿಕೊಳ್ಳಾಕ ಹೋಗಿ ನಗಾಕ ಸುರು ಮಾಡಿದವರು ನಿಲ್ಲಸವಲ್ರು. ಸಾವಕಾರ್ರು ಬ್ಯಾರೆ ಕಡೆ ಮಾರಿ ಮಾಡಿ ಕೀಲಿ ಚಾಚಿದ್ರು, ತಾವ ಹೋಗಿ ಎಡಕ್ಕ ಕುಂತ್ರು. ಅಕ್ಕೋರು ಪೂರಾ ತಿರುವಿ ರಿವರ್ಸ್ ಹಾಕಿದ್ರು. ಲೈಟ್ ಹತ್ತಲಿಲ್ಲ.

"ಸಾವಕಾಶ... ಹಿಂದ ಟಾಕಿ ಐತಿ... ಎಡಕ್ಕ ತಗೋ..." ಅಂತ ಸಾವಕಾರ್ರು ಹೇಳಾಕ ಸುರು ಮಾಡಿದ್ರು.

ಅಕ್ಕೋರು ಗಾಡಿ ನಿಲ್ಲಿಸಿ ಅವರ ಕಡೆ ನೋಡಿದ್ರು. "ಹಂಗಾರ ನೀವ ಇಳದು ನೂಕ್ರಿ" ಅಂದ್ರು. "ಇಂಜಿನ್ ಆಯುಷ್ಯಾನೂ ಉಳೀತೈತಿ."