ನಮ್ಮ ಜೀಪನ್ನು ಎಷ್ಟಿಂಚು ಎತ್ತಬೇಕು?

ಹಳೇ ಜೀಪಿಗೆ ಏನಾದರೂ ಮಾಡಿಸಲು ಹೊರಟರೆ ಕೆಲಸ ಮುಗಿಯುವುದು ಯಾವತ್ತೋ ಗೊತ್ತಿಲ್ಲ, ನಗುವುದಕ್ಕೆ ಮಾತ್ರ ಅವತ್ತೇ ಏನಾದರೊಂದು ಸಿಕ್ಕಿಬಿಡುತ್ತದೆ. ನನ್ನ ವಿಷಯದಲ್ಲಂತೂ ಇದು ತಪ್ಪಿದ್ದೇ ಇಲ್ಲ. ಕಡೂರಿನಲ್ಲಿ ನನ್ನದು ಅಡುಗೆ ಕಂಟ್ರಾಕ್ಟು. ನಾಮಕರಣ, ಸೀಮಂತ, ಗೃಹಪ್ರವೇಶ, ಯಾವುದಿದ್ದರೂ ಸರಿ, ಮನೆ ಹಿಂದಿನ ಶೆಡ್ಡಿನಲ್ಲಿ ಅಡುಗೆ ಮಾಡಿ, ಪಾತ್ರೆಗಳನ್ನು ಜೀಪಿಗೇರಿಸಿ ನಾನೇ ಓಡಿಸಿಕೊಂಡು ಹೋಗುತ್ತೇನೆ. ಆ ಜೀಪಿಗೆ ನನ್ನ ಮದುವೆಗಿಂತ ನಾಲ್ಕು ವರ್ಷ ಹೆಚ್ಚು ವಯಸ್ಸು. ಎರಡೂ ಇನ್ನೂ ಓಡುತ್ತಿವೆ. ಎರಡನ್ನೂ ಓಡಿಸುತ್ತಿರುವವಳು ನಾನೇ.

ಹೊಟ್ಟೆ ಭಾರ

ಸಖರಾಯಪಟ್ಟಣದ ಹತ್ತಿರ ಹೊಲದ ಮನೆಯೊಂದರಲ್ಲಿ ನಾಮಕರಣ. ನೂರೈವತ್ತು ಜನರ ಊಟ. ಟಾರು ರಸ್ತೆ ಬಿಟ್ಟು ಮಣ್ಣಿನ ದಾರಿಗೆ ಇಳಿದೆ. ಟ್ರ್ಯಾಕ್ಟರುಗಳು ಓಡಾಡಿ ಓಡಾಡಿ ಎರಡು ಕಡೆಯೂ ಹಳ್ಳ ಬಿದ್ದು, ನಡುವೆ ಉದ್ದಕ್ಕೂ ದಿಬ್ಬ ಎದ್ದಿತ್ತು. ಅರ್ಧ ದಾರಿಯಲ್ಲಿ ಜೀಪಿನ ಹೊಟ್ಟೆ ಆ ದಿಬ್ಬದ ಮೇಲೆ ಕೂತೇ ಬಿಟ್ಟಿತು. ಆಕ್ಸಿಲರೇಟರ್ ಒತ್ತಿದರೆ ಚಕ್ರಗಳು ಸುಮ್ಮನೆ ತಿರುಗುತ್ತವೆ, ಗಾಡಿ ಮಾತ್ರ ಅಲ್ಲಾಡದು.

ಸುದ್ದಿ ಮನೆಗೆ ಮುಟ್ಟಿತು. ಮೊದಲು ನಾಲ್ಕು ಜನ ತಳ್ಳಲು ಬಂದರು, ಆಮೇಲೆ ಹತ್ತು ಜನ, ಆಮೇಲೆ ಸಲಹೆ ಕೊಡಲು ಇಪ್ಪತ್ತು ಜನ. ಗಂಟೆ ಒಂದೂವರೆ. ಅಷ್ಟರಲ್ಲಿ ಯಾರೋ ಹುಳಿಯ ಪಾತ್ರೆಯ ಮುಚ್ಚಳ ಸರಿಸಿದರು. ವಾಸನೆ ಎದ್ದಿತು, ತಳ್ಳುವ ಕೈಗಳೆಲ್ಲ ಸಡಿಲವಾದವು. ಮಗುವಿನ ತಾತ ಎಲ್ಲರನ್ನೂ ಒಮ್ಮೆ ನೋಡಿ, ಊಟ ನಮ್ಮ ಹತ್ತಿರ ಬರದಿದ್ದರೆ ನಾವೇ ಊಟದ ಹತ್ತಿರ ಹೋದರಾಯ್ತು ಅಂದರು. ಪಕ್ಕದ ಹುಣಸೆಮರದ ಕೆಳಗೆ ಜಮಖಾನ ಬಂತು, ಎಲೆ ಬಂತು, ಕೊನೆಗೆ ತೊಟ್ಟಿಲ ಮಗುವೂ ಬಂತು. ನೂರೈವತ್ತು ಜನ ಅಲ್ಲೇ ಉಂಡರು.

ಎಲ್ಲ ಮುಗಿಸಿ ಖಾಲಿ ಪಾತ್ರೆಗಳನ್ನು ಒಳಗಿಟ್ಟು, ನೋಡೋಣ ಅಂತ ಗೇರ್ ಹಾಕಿದರೆ ಜೀಪು ಯಾರೂ ಮುಟ್ಟದೆ ಹೊರಟಿತು. ಭಾರ ಇಳಿದ ಮೇಲೆ ಬಾಡಿ ಒಂದಿಷ್ಟು ಮೇಲೆದ್ದಿತ್ತು, ಅಷ್ಟೇ. ತಾತ ಎಲೆ ಅಡಿಕೆ ಜಗಿಯುತ್ತಾ ಹೇಳಿದರು, "ಗಾಡಿಗೇನೂ ಆಗಿರ್ಲಿಲ್ಲ ಕಣಮ್ಮ. ನಾವ್ ಹಸಿದಿದ್ವಿ, ಅದಕ್ಕೆ ಅಜೀರ್ಣ ಆಗಿತ್ತು."

ಯಜಮಾನರ ಹತ್ತಿರ ಮಾತು

ಮರುವಾರವೇ ಅಜ್ಜಂಪುರದ ಕಡೆಯಿಂದ ಫೋನು ಬಂತು. ಅಂತರಘಟ್ಟೆ ರಸ್ತೆಯಿಂದ ಒಳಗೆ, ಒಂದು ಗುಡ್ಡದ ಮೇಲೆ ಹೊಸ ಮನೆ ಕಟ್ಟಿಸಿದ್ದಾರೆ, ಇನ್ನೂರೈವತ್ತು ಜನರ ಗೃಹಪ್ರವೇಶ. ದಾರಿ ಬರೀ ಕಲ್ಲು, ನಿಮ್ಮ ಜೀಪು ಹತ್ತದಿದ್ದರೆ ಈಗಲೇ ಹೇಳಿಬಿಡಿ, ಬೇರೆಯವರನ್ನು ನೋಡಿಕೊಳ್ಳುತ್ತೇವೆ ಅಂದರು. ಅಷ್ಟು ದೊಡ್ಡ ಆರ್ಡರು ಆ ವರ್ಷ ಇನ್ನೊಂದಿರಲಿಲ್ಲ. ಒಬ್ಬರ ಬಾಯಲ್ಲಿ 'ಅವರ ಜೀಪು ಹತ್ತಲ್ಲವಂತೆ' ಅಂತ ಬಂದರೆ ಹಳ್ಳಿ ಕಡೆಯ ಕೆಲಸವೆಲ್ಲ ಹೋದ ಹಾಗೆ. ಹತ್ತುತ್ತದೆ ಅಂತ ಹೇಳಿ ಫೋನಿಟ್ಟೆ. ಹತ್ತಿಸುವುದು ಹೇಗೆ ಅಂತ ಯೋಚಿಸಿದ್ದು ಆಮೇಲೆ.

ಕಡೂರಿನ ಒಂದು ಗ್ಯಾರೇಜಿಗೆ ಹೋದೆ. ಜೊತೆಗೆ ನಮ್ಮ ಯಜಮಾನರು ಬಂದರು. ಅಂಚೆ ಕಚೇರಿಯಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಗಾಡಿಯ ಬಗ್ಗೆ ಅವರಿಗೆ ಗೊತ್ತಿರುವುದು ಅದಕ್ಕೆ ಬಾಗಿಲುಗಳಿವೆ ಅನ್ನುವುದಷ್ಟೇ. ಆದರೆ ಮೆಕ್ಯಾನಿಕ್ಕು ಮಾತಾಡಿದ್ದೆಲ್ಲ ಅವರ ಹತ್ತಿರವೇ. ಚಕ್ರದ ಪಕ್ಕದ ಕಮಾನು ಪಟ್ಟಿಯ ತುದಿಯನ್ನು ಚಾಸಿಗೆ ಸೇರಿಸುವ ಕೊಂಡಿ ಇದೆಯಲ್ಲ ಸಾರ್, ಶ್ಯಾಕಲ್, ಅದನ್ನ ಎರಡಿಂಚು ಉದ್ದ ಹಾಕಿಬಿಡೋಣ, ಒಂದು ಗಂಟೆ ಕೆಲಸ ಅಂದ. ಇವರು ತಲೆಯಾಡಿಸಿದರು. ಒಂದೇ ತುದಿ ಎರಡಿಂಚು ಇಳಿದರೆ ಗಾಡಿ ಏಳುವುದು ಒಂದಿಂಚು ತಾನೇ ಅಂತ ನಾನು ಕೇಳಿದೆ. ಆತ ಇವರ ಕಡೆ ತಿರುಗಿ, ಹೌದು ಸಾರ್, ಒಂದೇ ಇಂಚು ಅಂತ ಒಪ್ಪಿಕೊಂಡ. ಮುಂದಿನ ಚಕ್ರಕ್ಕೆ ಹಾಗೆ ಮಾಡಿದರೆ ಸ್ಟೇರಿಂಗ್ ಹಿಡಿತ ತಪ್ಪಿ ತೇಲುವುದಿಲ್ಲವಾ ಅಂದೆ. ಸ್ವಲ್ಪ ತೇಲುತ್ತೆ ಸಾರ್ ಅಂತ ಅದನ್ನೂ ಇವರಿಗೇ ಹೇಳಿದ. ಕೇಳಿದವಳು ನಾನು, ಉತ್ತರ ಹೋಗುತ್ತಿದ್ದದ್ದು ಬೇರೆ ವಿಳಾಸಕ್ಕೆ.

ಕೊನೆಗೆ, ಈಗ ಹೇಗೆ ಓಡುತ್ತೆ ನೋಡೋಣ ಅಂತ ಬೀಗದ ಕೈಯನ್ನು ಇವರ ಕೈಗೆ ಕೊಟ್ಟ. ಇವರು ಗಂಭೀರವಾಗಿ ಹೋಗಿ ಎಡಗಡೆ ಸೀಟಿನಲ್ಲಿ ಕೂತರು. ಮೆಕ್ಯಾನಿಕ್ಕು ಬಗ್ಗಿ ನೋಡಿ, ಸಾರ್, ಸ್ಟೇರಿಂಗ್ ಆ ಕಡೆ ಇದೆ ಅಂದ.

"ಇರ್ಲಿ ಬಿಡಪ್ಪ," ಅಂದರು ಇವರು. "ಇಪ್ಪತ್ತೆರಡು ವರ್ಷದಿಂದ ಅದು ಅಲ್ಲೇ ಇದೆ, ನಾನು ಇಲ್ಲೇ ಇದೀನಿ. ಇಬ್ಬರಿಗೂ ತೊಂದ್ರೆ ಆಗಿಲ್ಲ."

ಆರಿಂಚಿನ ಅತ್ತೆ

ನಮ್ಮ ಬೀದಿಯಲ್ಲೊಬ್ಬರು ಬ್ಯಾಂಕ್ ಆಫೀಸರಿದ್ದಾರೆ. ಅವರದೂ ನನ್ನಂಥದ್ದೇ ಹಳೇ ಜೀಪು. ಪಟ್ಟಿಯ ಮೇಲಿದ್ದ ಆ್ಯಕ್ಸಲನ್ನು ಪಟ್ಟಿಯ ಕೆಳಕ್ಕೆ ಹಾಕಿಸಿ, ದೊಡ್ಡ ಟಯರು ಕೂರಿಸಿ, ಒಟ್ಟು ಆರಿಂಚು ಎತ್ತಿಸಿದ್ದರು. ಎತ್ತಿದರೆ ಆರಿಂಚು ಎತ್ತಬೇಕು ಮೇಡಂ, ಇಲ್ಲದಿದ್ದರೆ ಸುಮ್ಮನಿರಬೇಕು ಅಂತ ನನಗೆ ದಿನಾ ಬೋಧನೆ. ನಾನೂ ಹೆಚ್ಚುಕಡಿಮೆ ಒಪ್ಪಿದ್ದೆ. ಅಷ್ಟರಲ್ಲಿ ಕಲ್ಯಾಣ ಮಂಟಪವೊಂದರಲ್ಲಿ ನನ್ನ ಅಡುಗೆ ಇತ್ತು, ಆಫೀಸರು ತಮ್ಮ ಅತ್ತೆಯನ್ನು ಅದೇ ಜೀಪಿನಲ್ಲಿ ಕರೆತಂದರು.

ಅತ್ತೆಯವರು ಸ್ವಲ್ಪ ಗುಂಡಗಿನ ಹೆಂಗಸು. ಆ ಎತ್ತರ ಹತ್ತಿ ಇಳಿಯಲಿ ಅಂತ ಅಳಿಯ ಜೀಪಿನಲ್ಲಿ ಯಾವಾಗಲೂ ಒಂದು ಕೆಂಪು ಪ್ಲಾಸ್ಟಿಕ್ ಕುರ್ಚಿ ಇಟ್ಟುಕೊಂಡಿರುತ್ತಿದ್ದರು. ಅವತ್ತು ಕುರ್ಚಿ ಇಳಿಸಿ ಪಕ್ಕದಲ್ಲಿಟ್ಟು, ಯಾರೋ ಕರೆದರು ಅಂತ ಆ ಕಡೆ ತಿರುಗಿದರು. ಮಂಟಪದ ಕೆಲಸದವರು, ನಮ್ಮ ಕುರ್ಚಿ ಇಲ್ಲಿ ಯಾಕೆ ಬಂತು ಅಂತ ಎತ್ತಿಕೊಂಡು ಒಳಗೆ ಹಾಕಿಬಿಟ್ಟರು. ಒಳಗೆ ನೋಡಿದರೆ ನಾನೂರು ಕುರ್ಚಿ, ಎಲ್ಲವೂ ಕೆಂಪು, ಎಲ್ಲದರ ಮೇಲೂ ಜನ. ಒಂದು ಖಾಲಿ ಮಾಡಿಕೊಡಿ ಅಂತ ಆಫೀಸರು ಸಾಲು ಸಾಲಾಗಿ ಬೇಡುತ್ತಾ ಹೋದರು. ಊಟದ ಪಂಕ್ತಿಗೆ ಕಾದು ಕೂತವರು ಯಾರು ಏಳುತ್ತಾರೆ?

ಬಿಸಿಲೇರುತ್ತಿತ್ತು. ನೋಡಲಾರದೆ ನಾನೇ ಒಂದು ತಟ್ಟೆಯ ಮೇಲೆ ಎಲೆ ಹಾಕಿ, ಹೋಳಿಗೆ, ತುಪ್ಪ, ಕೋಸಂಬರಿ ಎಲ್ಲ ಬಡಿಸಿ ಜೀಪಿಗೇ ಕಳಿಸಿದೆ. ಆಮೇಲೆ ಹೋಗಿ, ಬೇಜಾರು ಮಾಡ್ಕೋಬೇಡಿ ಅಮ್ಮ, ಕುರ್ಚಿ ಈಗ ಸಿಗುತ್ತೆ ಅಂದೆ. ಮೇಲ್ಛಾವಣಿ ಇಲ್ಲದ ಆ ಜೀಪಿನಲ್ಲಿ ಅವರು ಮಹಾರಾಣಿಯ ಹಾಗೆ ಕೂತಿದ್ದರು. ಮಂಟಪದ ಕಿಟಕಿಯಾಚೆ ಊಟದ ಹಾಲ್ ಪೂರ್ತಿ ಕಾಣುತ್ತಿತ್ತು.

"ಅವಸರ ಏನಿಲ್ಲಮ್ಮ," ಅಂದರು. "ಯಾರ ಎಲೆಗೆ ಎಷ್ಟು ಹೋಳಿಗೆ ಬಿತ್ತು ಅಂತ ಇಲ್ಲಿಂದ ಚೆನ್ನಾಗಿ ಕಾಣುತ್ತೆ. ನಮ್ಮ ಬೀಗಿತ್ತಿಗೆ ಮೂರಾಯ್ತು."

ತರೀಕೆರೆ ಚಾಚಾ

ಒಂದಿಂಚು ಸಾಲದು, ಆರಿಂಚು ಬೇಡ ಅಂತ ಖಚಿತವಾದ ಮೇಲೆ ತರೀಕೆರೆಗೆ ಹೋದೆ. ಅಲ್ಲಿ ಬಸ್ ಸ್ಟ್ಯಾಂಡಿನ ಹಿಂದೆ ಕಮಾನು ಪಟ್ಟಿ ಬಡಿಯುವ ಹಿರಿಯರೊಬ್ಬರಿದ್ದಾರೆ. ಊರೆಲ್ಲ ಅವರನ್ನು ಚಾಚಾ ಅನ್ನುತ್ತದೆ, ಅವರ ಅಜ್ಜನ ಕಾಲದಿಂದ ಅದೇ ಕುಲುಮೆ. ಉಳಿದವರೆಲ್ಲ ಎಷ್ಟಿಂಚು ಅಂತ ಕೇಳಿದ್ದರು. ಚಾಚಾ ಮಾತ್ರ, ಏನು ಹೊರುತ್ತೀರಿ ಅಂತ ಕೇಳಿದರು.

ಸಾರು ಅಂದೆ. ಅವರು ಸುತ್ತಿಗೆ ಕೆಳಗಿಟ್ಟರು. ಕಲ್ಲು, ಇಟ್ಟಿಗೆ, ಅಡಿಕೆ ಮೂಟೆ ಹೊರುವ ಗಾಡಿಗಳಿಗೆಲ್ಲ ಅವರು ಪಟ್ಟಿ ಹಾಕಿದ್ದರು. ಚೆಲ್ಲುವ ಸಾಮಾನು ಇದೇ ಮೊದಲಂತೆ.

ಮೊದಲು ಪ್ರಯೋಗಕ್ಕೆ ಅಂತ, ಜೀಪಿನಲ್ಲಿದ್ದ ಹಳೇ ಪಟ್ಟಿಗಳಿಗೆ ಇನ್ನೊಂದು ದಪ್ಪ ಪಟ್ಟಿ ಸೇರಿಸಿದರು. ಜೀಪು ಎರಡಿಂಚು ಎದ್ದಿತು. ಟಾರ್ಪಾಲು ತೆಗೆಸಿ, ಪಕ್ಕದ ಹೋಟೆಲಿನಿಂದ ದೊಡ್ಡ ಪಾತ್ರೆ ತರಿಸಿ, ಅಂಚಿನವರೆಗೆ ನೀರು ತುಂಬಿ, ಮುಚ್ಚಳ ಹಾಕದೆ ಹಿಂದೆ ಇಟ್ಟರು. ನನ್ನ ಕೆಲಸ, ನಾನೇ ನೋಡಬೇಕು ಅಂತ ಪಾತ್ರೆ ತಬ್ಬಿಕೊಂಡು ಕೂತರು. ಮೂರು ಹಂಪು ದಾಟಿ ವಾಪಸು ಬಂದೆ. ಪಟ್ಟಿ ಗಟ್ಟಿಯಾಗಿತ್ತು, ಗಾಡಿ ಎತ್ತಿ ಎತ್ತಿ ಹಾಕಿತ್ತು. ಪಾತ್ರೆಯಲ್ಲಿ ಅರ್ಧ ನೀರು, ಚಾಚಾ ಮೇಲೆ ಇನ್ನರ್ಧ. ಅವರು ಇಳಿದು ಗಡ್ಡ ಹಿಂಡಿಕೊಂಡು, ಇದು ಆಗಲ್ಲಮ್ಮ, ಹೊಸದೇ ಮಾಡ್ತೀನಿ ಅಂದರು.

ಹದಿನೈದು ದಿನಕ್ಕೆ ಹೊಸ ಸೆಟ್ಟು ಸಿದ್ಧವಾಯಿತು. ತೆಳು ಪಟ್ಟಿಗಳು, ಬಾಗು ಹೆಚ್ಚು, ಅದಕ್ಕೆ ಸರಿಯಾಗಿ ಉದ್ದದ ಶಾಕ್ ಅಬ್ಸಾರ್ಬರ್, ಬ್ರೇಕಿನ ಪೈಪೂ ಉದ್ದದ್ದು. ಎತ್ತರ ಅದೇ ಎರಡಿಂಚು. ಮತ್ತೆ ಪಾತ್ರೆ, ಮತ್ತೆ ನೀರು. ಈ ಸಲ ಚಾಚಾ ಮನೆಯಿಂದ ಕೊಡೆ ತಂದಿದ್ದರು. ಸುಡು ಬಿಸಿಲಿನಲ್ಲಿ, ಟಾರ್ಪಾಲು ಇಲ್ಲದ ಜೀಪಿನಲ್ಲಿ, ಒಂದು ಕೈಯಲ್ಲಿ ಪಾತ್ರೆ ತಬ್ಬಿ, ಇನ್ನೊಂದು ಕೈಯಲ್ಲಿ ಕರೀ ಕೊಡೆ ಬಿಚ್ಚಿಕೊಂಡು ಕೂತರು. ಬಸ್ ಸ್ಟ್ಯಾಂಡಿನ ಜನವೆಲ್ಲ ಎದ್ದು ನಿಂತರು. ಬೀಡಾ ಅಂಗಡಿಯವನು, ಮಳೆ ಎಲ್ಲಿ ಚಾಚಾ ಅಂತ ಕೇಳಿದ.

"ಅಮ್ಮ ಓಡಿಸ್ತಾ ಇದಾರಪ್ಪ," ಅಂದರು ಚಾಚಾ. "ಯಾವಾಗ ಬರುತ್ತೋ ಹೇಳಕ್ಕಾಗಲ್ಲ."

ಪಾತ್ರೆಯಿಂದ ಒಂದು ಹನಿಯೂ ಬರಲಿಲ್ಲ ಅನ್ನುವುದನ್ನು ನಾನಾಗಿಯೇ ಹೇಳಬೇಕಾಗಿದೆ, ಯಾಕೆಂದರೆ ಅದನ್ನು ಯಾರೂ ನೆನಪಿಟ್ಟುಕೊಂಡಿಲ್ಲ.

ಗುಡ್ಡದ ಮನೆ

ಗೃಹಪ್ರವೇಶದ ದಿನ ಬಂತು. ಬಡಿಸುವವರನ್ನು ಬೆಳಿಗ್ಗೆಯೇ ಬಸ್ಸಿನಲ್ಲಿ ಕಳಿಸಿದ್ದೆ. ಜೀಪಿನ ಹಿಂದೆ ಪಾತ್ರೆಗಳ ನಡುವೆ, ಸಾರಿನ ಮುಚ್ಚಳ ಹಿಡಿದುಕೊಳ್ಳಲು ಯಜಮಾನರನ್ನು ಕೂರಿಸಿ, ಟಾರ್ಪಾಲು ಇಳಿಬಿಟ್ಟು ಹೊರಟೆ. ಅಜ್ಜಂಪುರದಲ್ಲಿ ನಿಲ್ಲಿಸಿ, ಮೊದಲೇ ಹೇಳಿಟ್ಟಿದ್ದ ಮೊಸರಿನ ಕ್ಯಾನುಗಳನ್ನು ಮುಂದಿನ ಸೀಟಿಗೆ ಹಾಕಿಸಿಕೊಂಡೆ. ಐದು ನಿಮಿಷವೂ ಆಗಿರಲಿಲ್ಲ, ಮತ್ತೆ ಹೊರಟೆ.

ಗುಡ್ಡದ ದಾರಿ ಅವರು ಹೇಳಿದ್ದಕ್ಕಿಂತ ಕೆಟ್ಟದಾಗಿತ್ತು. ತಳದಲ್ಲಿ ಮನೆಯವರು ಒಂದು ಟ್ರ್ಯಾಕ್ಟರು, ಹಗ್ಗ ಎರಡನ್ನೂ ಸಿದ್ಧ ಇಟ್ಟುಕೊಂಡು ನಿಂತಿದ್ದರು, ನನ್ನನ್ನು ಎಳೆಯಲು. ನಾನು ಕೈ ಬೀಸಿ ಮುಂದೆ ಹೋದೆ. ಬಂಡೆ ಬಂತು, ಹತ್ತಿದೆ. ಕೊರಕಲು ಬಂತು, ಇಳಿದು ಹತ್ತಿದೆ. ಹೊಟ್ಟೆ ಎಲ್ಲೂ ತಾಗಲಿಲ್ಲ. ಪ್ರತಿಯೊಂದಕ್ಕೂ ಹಿಂದಕ್ಕೆ ಕೂಗಿ ಹೇಳುತ್ತಿದ್ದೆ, ನೋಡಿದ್ರಾ, ಅಲ್ಲಾಡಲಿಲ್ಲ, ನಾನು ಆರಿಸಿದ್ದು ಹೇಗಿದೆ ಅಂತ. ಹಿಂದಿನಿಂದ ಒಂದು ಮಾತಿಲ್ಲ. ಇವರು ಮಾತು ಕಡಿಮೆಯ ಮನುಷ್ಯ, ಅದು ಗೊತ್ತು. ಆದರೂ ಹೊಗಳುವುದಕ್ಕೆ ಒಂದು ಹೂಂ ಅನ್ನಬಾರದಾ ಅಂತ ಕೊನೆಯ ಏರಿನಲ್ಲಿ ನನಗೆ ನಿಜವಾಗಿಯೂ ಸಿಟ್ಟು ಬಂತು. ಅದನ್ನೂ ಕೂಗಿಯೇ ಹೇಳಿದೆ.

ಮನೆಯ ಮುಂದೆ ಜೀಪು ನಿಲ್ಲಿಸಿದಾಗ ಜನ ಸುತ್ತ ಸೇರಿದರು. ಮನೆಯ ಹಿರಿಯರು ಬಂದು, ಹತ್ತಿಸಿದ್ದೇನೋ ಸರಿ ಅಕ್ಕ, ಸಾರು ಉಳಿದಿದೆಯಾ ಅಂತ ಕೇಳಿದರು. ನಾನು ಬಹಳ ಧೈರ್ಯವಾಗಿ, ನನ್ನ ಮಾತು ಯಾಕೆ, ಹಿಂದೆ ಕೂತು ಬಂದವರನ್ನೇ ಕೇಳಿ ಅಂತ ಟಾರ್ಪಾಲು ಎತ್ತಿದೆ.

ಸಾರು ತುಂಬಿತ್ತು. ಹುಳಿ, ಪಾಯಸ ಎಲ್ಲ ಇಟ್ಟ ಹಾಗೇ ಇದ್ದವು. ಇವರ ಟವೆಲ್ಲು, ಫೋನು ಮೂಲೆಯಲ್ಲಿದ್ದವು. ಇವರಿರಲಿಲ್ಲ.

ಹಳೇ ಪಟ್ಟಿಗಳಿದ್ದಾಗ ಯಾರು ಹತ್ತಿದರೂ ಇಳಿದರೂ ಜೀಪು ಕಿರ್ರೆಂದು ಹೇಳುತ್ತಿತ್ತು, ಒಂದು ಪಕ್ಕಕ್ಕೆ ವಾಲುತ್ತಿತ್ತು. ಹಿಂದೆ ತಿರುಗಿ ನೋಡುವ ಅಭ್ಯಾಸವೇ ನನಗಿರಲಿಲ್ಲ. ಈ ಹೊಸ ಸೆಟ್ಟಿಗೆ ಚಾಚಾ ಪಟ್ಟಿ ಪಟ್ಟಿಗೂ ಗ್ರೀಸು ಹಚ್ಚಿದ್ದರು. ಮೊಸರು ಹಾಕಿಸುವಾಗ ಇವರು ಹಿಂದಿನಿಂದ ಟೀ ಕುಡಿಯಲು ಇಳಿದದ್ದು ನನಗೆ ತಿಳಿಯಲೇ ಇಲ್ಲ. ಅಷ್ಟು ದೂರ ನಾನು ಜಗಳವಾಡಿಕೊಂಡು ಬಂದದ್ದು ಪಾಯಸದ ಜೊತೆ.

ನನ್ನನ್ನು ಎಳೆಯಲು ತಂದಿದ್ದ ಟ್ರ್ಯಾಕ್ಟರನ್ನೇ ಅಜ್ಜಂಪುರಕ್ಕೆ ಓಡಿಸಿದರು. ಅಷ್ಟು ಹೊತ್ತೂ ನಾನು ಬಡಿಸುವುದರಲ್ಲಿ ಮುಳುಗಿದವಳ ಹಾಗೆ ತಲೆ ಎತ್ತಲಿಲ್ಲ. ಎರಡನೇ ಪಂಕ್ತಿಯ ಹೊತ್ತಿಗೆ ಟ್ರ್ಯಾಕ್ಟರು ಗುಡ್ಡ ಹತ್ತಿತು. ಮಡ್‌ಗಾರ್ಡಿನ ಮೇಲೆ ಇವರು, ಮೈಯೆಲ್ಲ ಧೂಳು. ಇಳಿದು, ಬಟ್ಟೆ ಕೊಡವಿಕೊಂಡು ನೇರ ನನ್ನ ಹತ್ತಿರ ಬಂದರು. ಬೈಯುತ್ತಾರೆ ಅಂತ ಪಂಕ್ತಿಯಲ್ಲಿದ್ದವರೆಲ್ಲ ಊಟ ನಿಲ್ಲಿಸಿ ಕಾದರು. ಇವರು ಒಮ್ಮೆ ಜೀಪಿನ ಕಡೆ ನೋಡಿದರು, ಒಮ್ಮೆ ನನ್ನ ಕಡೆ ನೋಡಿದರು.

"ಒಳ್ಳೇ ಪಟ್ಟಿ ಹಾಕ್ಸಿದೀಯ ಕಣೇ," ಅಂದರು. "ಹೊರಟಿದ್ದೇ ಗೊತ್ತಾಗ್ಲಿಲ್ಲ."