ಹದಿಮೂರನೆಯ ಚುಕ್ಕೆ

ಹುಳುವಿನ ಬೆನ್ನ ಮೇಲೆ ಹನ್ನೆರಡೇ ಚುಕ್ಕೆಗಳಿದ್ದಿದ್ದರೆ ಮುರುಗೇಶಪ್ಪನ ಬಾಳು ನೆಮ್ಮದಿಯಾಗಿರುತ್ತಿತ್ತು. ಹದಿಮೂರಿದ್ದವು.

ಬಿ.ಎಸ್ಸಿ. ಮುಗಿಸಿದ ಅವನು ದಾವಣಗೆರೆಯ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರದ ಹಂಗಾಮಿ ಡೆಮಾನ್‌ಸ್ಟ್ರೇಟರ್ ಆಗಿದ್ದ. ಲೋಕವನ್ನು ಎಣಿಸುವವರು, ಎಣಿಸದವರು ಎಂದು ಎರಡು ವರ್ಗ ಮಾಡಿಕೊಂಡಿದ್ದ. ಮೊದಲನೆಯ ವರ್ಗದಲ್ಲಿ ಸದ್ಯಕ್ಕೆ ತಾನೊಬ್ಬನೇ ಇದ್ದೇನೆಂಬುದು ಅವನಿಗೆ ಬೇಸರವನ್ನೇನೂ ತಂದಿರಲಿಲ್ಲ. ಕಳೆದ ಭಾನುವಾರ ಹರಿಹರದ ಹೊಳೆದಂಡೆಯ ಬದನೆ ಹೊಲದಲ್ಲಿ ಕಡಲೆಕಾಳಿನ ಗಾತ್ರದ ಕಪ್ಪು ಹುಳುವೊಂದನ್ನು ಹಿಡಿದು, ಅದರ ಬೆನ್ನಿನ ಹಳದಿ ಚುಕ್ಕೆಗಳನ್ನು ಮೂರು ಸಲ ಎಣಿಸಿದ್ದ. ಗ್ರಂಥಗಳೆಲ್ಲ ಹನ್ನೆರಡು ಎನ್ನುತ್ತಿದ್ದವು. ಸೋಮವಾರ ಅದನ್ನು ವಿಭಾಗದ ಮುಖ್ಯಸ್ಥ ಕೊಟ್ಟೂರಪ್ಪನವರ ಮೇಜಿನ ಮೇಲಿಟ್ಟಾಗ ಹುಳು ಸೀಸೆಯಲ್ಲೇ ಸತ್ತು, ಚುಕ್ಕೆಗಳೆಲ್ಲ ಮಾಸಿ, ಸುಟ್ಟ ಹುಣಸೆಬೀಜದಂತಾಗಿತ್ತು.

“ಚುಕ್ಕಿ ಇದ್ವು, ಸತ್ತ ಮ್ಯಾಲೆ ಹೋದ್ವು ಅಂತೀರಿ,” ಎಂದರು ಕೊಟ್ಟೂರಪ್ಪನವರು. “ಜೀವಂತ ಹುಳದ ಫೋಟೋ ತರ್ರಿ. ಶನಿವಾರ ಬೆಂಗಳೂರಿನ ತಜ್ಞರು ಬರ್ತಾರ, ಸಂಜಿ ರೈಲು ಹತ್ತೋದ್ರೊಳಗ ಅವರ ಕೈಗೆ ಕೊಡ್ರಿ. ಅವರು ಹೌದು ಅಂದ್ರ ನಿಮ್ಮ ಹುದ್ದೆ ಕಾಯಂ. ಇಲ್ಲಾಂದ್ರ ನಮ್ಮ ತೋಟಪ್ಪನ ಅಳಿಯ ಒಬ್ಬ ಇದಾನ. ಅವನಿಗೆ ಎಣಿಸಾಕ ಬರಂಗಿಲ್ಲ, ಆದ್ರ ವಾದ ಮಾಡಂಗಿಲ್ಲ.”

ಶನಿವಾರ ಬೆಳಿಗ್ಗೆ ಮುರುಗೇಶಪ್ಪ, ಚಿಕ್ಕಪ್ಪ ಬಿಟ್ಟುಹೋಗಿದ್ದ ಜರ್ಮನ್ ಕ್ಯಾಮೆರಾವನ್ನು ಹೆಗಲಿಗೇರಿಸಿ ಚೌಕಿಪೇಟೆಯ ಹಿದಾಯತನ ಸ್ಟುಡಿಯೋ ಹೊಕ್ಕ. ಹಿಂದೆಯೇ ಪಕ್ಕದ ಮನೆಯ ಹತ್ತಿ ದಲಾಲಿ ಅಜ್ಜಪ್ಪ ಬಂದ. ಅವನನ್ನು ಯಾರೂ ಕರೆದಿರಲಿಲ್ಲ. ಕರೆಯುವವರೆಗೆ ಕಾದಿದ್ದರೆ ಅಜ್ಜಪ್ಪ ಈ ಜನ್ಮದಲ್ಲಿ ಮನೆಯಿಂದ ಹೊರಗೆ ಕಾಲಿಡುತ್ತಿರಲಿಲ್ಲ.

ಸ್ಟುಡಿಯೋದ ಗೋಡೆಯ ತುಂಬ, ಗಂಡಿನ ಕಡೆಯವರಿಗೆ ತೋರಿಸಲು ತೆಗೆಸಿದ, ಮದುವೆಗೆ ಬಂದ ಹೆಣ್ಣುಮಕ್ಕಳ ಫೋಟೋಗಳು. ಒಂದು ಮುಖದಲ್ಲೂ ಮಚ್ಚೆಯಿಲ್ಲ, ಸಿಡುಬಿನ ಗುರುತಿಲ್ಲ. ಎಲ್ಲವೂ ಬೆಣ್ಣೆ ಸವರಿದಂತೆ ನುಣುಪು. ಎಣಿಸಲು ಏನೂ ಇಲ್ಲದ ಮುಖಗಳೆಂದು ಮುರುಗೇಶಪ್ಪ ತಾತ್ಸಾರದಿಂದ ಕತ್ತು ತಿರುಗಿಸಿದ.

ಸಣ್ಣ ವಸ್ತುಗಳನ್ನು ದೊಡ್ಡದಾಗಿ ಹಿಡಿಯುವ ಎರಡು ಲೆನ್ಸುಗಳನ್ನು ಹಿದಾಯತ್ ಗಲ್ಲಾಪೆಟ್ಟಿಗೆಯ ಮೇಲಿಟ್ಟ. ಒಂದು ಗಿಡ್ಡ, ಇನ್ನೊಂದು ಉದ್ದ. ಚಹದ ಬಟ್ಟಲಿನ ಅಂಚಿನಲ್ಲಿ ಹರಿಯುತ್ತಿದ್ದ ಇರುವೆಯೊಂದರ ಮೇಲೆ ಮುರುಗೇಶಪ್ಪ ಪರೀಕ್ಷೆ ಆರಂಭಿಸಿದ. ಗಿಡ್ಡ ಲೆನ್ಸಿನಲ್ಲಿ ಸ್ಪಷ್ಟವಾಗಿ ಕಾಣಬೇಕಾದರೆ ಇರುವೆಗೆ ಎರಡು ಬೆರಳಿನಷ್ಟು ಹತ್ತಿರ ಹೋಗಬೇಕು. ಆಗ ಕ್ಯಾಮೆರಾದ ನೆರಳೇ ಬಿದ್ದು ಕತ್ತಲಾಗುತ್ತದೆ, ಇರುವೆ ಬೆದರಿ ಓಡುತ್ತದೆ. ಉದ್ದ ಲೆನ್ಸಾದರೋ ಒಂದು ಗೇಣು ದೂರದಿಂದಲೇ ಅದರ ಮೀಸೆಯನ್ನು ತೋರಿಸಿತು. ಅಷ್ಟಕ್ಕೇ ಬಿಡದೆ ಅವನು ಗ್ರಾಫ್ ಹಾಳೆ ಹರಡಿ, ಅಂಚಿನ ಗೆರೆಗಳು ಬಾಗುತ್ತವೆಯೇ ಎಂದು ನೋಡಿ, ಟಿಪ್ಪಣಿ ಪುಸ್ತಕದಲ್ಲಿ ಹನ್ನೊಂದು ಅಂಶಗಳನ್ನು ಬರೆದುಕೊಂಡ.

“ಹೆಣ್ಣು ನೋಡಾಕೂ ಇಷ್ಟು ಹೊತ್ತು ತಗಳಂಗಿಲ್ಲ ತಮ್ಮಾ,” ಎಂದು ಅಜ್ಜಪ್ಪ ನಶ್ಯ ಏರಿಸಿದ. “ಹುಳ ಇರೋದೇ ಅಷ್ಟು. ಅದಕ್ಕ ಇಷ್ಟುದ್ದ ಕೊಳವಿ ಯಾಕ?”

“ಗಿಡ್ಡಂದೇ ಒಯ್ರಿ ಸಾರ್, ಹಗುರ ಐತೆ,” ಎಂದ ಹಿದಾಯತ್.

“ಹಗುರವಾದುದು ನಿಮ್ಮ ಗಿರಾಕಿಗಳಿಗಿರಲಿ,” ಎಂದ ಮುರುಗೇಶಪ್ಪ. “ನನಗೆ ಪ್ರತಿಯೊಂದು ಚುಕ್ಕೆಯೂ ಕಾಸಿನಗಲ ಕಾಣಬೇಕು.”

ಉದ್ದ ಲೆನ್ಸನ್ನು ಬಾಡಿಗೆಗೆ ಪಡೆದು ಹರಿಹರದ ಬಸ್ಸು ಹತ್ತಿದರು. ಅಲ್ಲಿ ಯಾರೋ “ಯಾರ ಫೋಟೋ ಮೇಷ್ಟ್ರೇ?” ಎಂದರು. “ಹುಳುವಿನದು” ಎಂದು ಇವನೆಂದ ಮೇಲೆ, ಪಕ್ಕದಲ್ಲಿ ಕುಳಿತಿದ್ದವರು ಎದ್ದುಹೋಗಿ ಹಿಂದೆ ನಿಂತುಕೊಂಡರು.

ಬದನೆ ಹೊಲದಲ್ಲಿ ಎರಡು ಗಂಟೆ ಎಲೆಯೆಲೆ ತಿರುವಿದಾಗ ಒಂದೇ ಒಂದು ಹುಳು ಸಿಕ್ಕಿತು. ಎಣಿಸಿದ: ಹದಿಮೂರು. ಗೊಬ್ಬರದ ಮೇಲೆ ಬೋರಲು ಮಲಗಿ ಕ್ಯಾಮೆರಾ ಹೂಡಿದ. ಫಿಲ್ಮಿನ ಸುರುಳಿಯಲ್ಲಿದ್ದುದು ಹನ್ನೆರಡು ಚಿತ್ರಗಳಿಗೆ ಜಾಗ. ನಾಲ್ಕನ್ನು ಗಾಳಿ ಕೆಡಿಸಿತು. ಐದರಲ್ಲಿ, ನೆರಳು ಮಾಡುವೆನೆಂದು ಕೊಡೆ ಹಿಡಿದ ಅಜ್ಜಪ್ಪ ಕೊಡೆಯ ತುದಿಯನ್ನೇ ತೂರಿಸಿದ. ಎರಡು ಅವನ ಸೀನಿಗೆ ಬಲಿಯಾದವು. ಆ ಸೀನಿಗೆ ಹುಳು ಕಾಲು ಮಡಚಿ ಸತ್ತಂತೆ ನಟಿಸಿತು, ಮುರುಗೇಶಪ್ಪ ನಟನೆಯಿಲ್ಲದೆಯೇ ಅರ್ಧ ಸತ್ತ. ಹನ್ನೆರಡನೆಯದಕ್ಕೆ ಗಾಳಿ ನಿಂತಿತು, ಹುಳು ಎದ್ದು ಮೀಸೆ ಚಾಚಿತು, ಬಿಸಿಲು ಬೆನ್ನ ಮೇಲೆ ಬಿತ್ತು. ಕ್ಲಿಕ್.

“ಯಾರಪ್ಪ ಅದು, ನನ್ ಬದನಿ ಗಿಡದಾಗ ಉಳ್ಳಾಡೋನು?” ಹೊಲದೊಡತಿ ಕರಿಯವ್ವ ಸೊಂಟಕ್ಕೆ ಕೈಯಿಟ್ಟು ನಿಂತಿದ್ದಳು.

“ನಿಮ್ಮ ಹುಳದ ಫೋಟೋ ತೆಗಿತಾರವ್ವ,” ಎಂದ ಅಜ್ಜಪ್ಪ.

“ನನ್ ಬೆಳಿ ತಿನ್ನೋ ಮುಂಡೇದಕ್ಕ ಪಟ ಬ್ಯಾರೆ ಕೇಡು!” ಎನ್ನುತ್ತ ಕರಿಯವ್ವ ಎರಡು ಬೆರಳಿನಲ್ಲಿ ಹುಳುವನ್ನು ಹೊಸಕಿ, ಸೆರಗಿಗೆ ಒರೆಸಿಕೊಂಡಳು.

ಅಜ್ಜಪ್ಪ ಹೌಹಾರಿದ. ಮುರುಗೇಶಪ್ಪ ಮಾತ್ರ ಕೊಡವಿಕೊಂಡು ಎದ್ದು ಕಿರುನಗೆ ನಕ್ಕ. “ಹೋಗಲಿ ಬಿಡಿ. ಇನ್ನು ಹುಳುವಿನ ಅಗತ್ಯವಿಲ್ಲ. ಹದಿಮೂರೂ ನನ್ನ ಫಿಲ್ಮಿನಲ್ಲಿವೆ.”

ಮೂರು ಗಂಟೆಗೆ ಸ್ಟುಡಿಯೋ ಮುಟ್ಟಿದರು.

“ಕೊನೆಯದೊಂದನ್ನೇ ದೊಡ್ಡದಾಗಿ ಮಾಡಿ. ಐದೂವರೆಗೆ ಬೇಕು.”

“ಹೆಂಗ್ ಬರಬೇಕು ಸಾರ್? ಸ್ವಲ್ಪ ಬಿಡಿಸಿ ಹೇಳ್ರಿ.”

ಚುಕ್ಕೆಗಳ ವಿಚಾರವನ್ನು ಸ್ಟುಡಿಯೋದವನಿಗೆ ಬಿಡಿಸಿ ಹೇಳುವುದೇ? ಮುರುಗೇಶಪ್ಪನ ಹುಬ್ಬು ಮೇಲೇರಿತು. “ಹೇಳಿದರೂ ನಿಮಗೆ ತಿಳಿಯುವಂಥದ್ದಲ್ಲ. ಮೈಮೇಲಿನ ಒಂದು ಕೂದಲೂ ಕಳೆಯಬಾರದು. ದೊಡ್ಡವರು ನೋಡಿ ಒಪ್ಪಬೇಕು. ಅವರು ಒಪ್ಪಿದರಷ್ಟೇ ನನ್ನ ಬಾಳು ಹಸನಾಗುವುದು.”

ಹಿದಾಯತ್ ಒಂದು ಕ್ಷಣ ಅವನ ಗೊಬ್ಬರ ಮೆತ್ತಿದ ಮುಖವನ್ನು ಕನಿಕರದಿಂದ ನೋಡಿದ. “ತಿಳೀತು ಸಾರ್. ನನ್ ಮ್ಯಾಲೆ ಬಿಡ್ರಿ.”

ಐದೂವರೆಗೆ ಲಕೋಟೆ ಸಿದ್ಧವಿತ್ತು. ಮುರುಗೇಶಪ್ಪ ಬೆರಳು ಒರೆಸಿಕೊಂಡು ಫೋಟೋ ಹೊರಗೆಳೆದ. ಅದ್ಭುತ! ಅಂಗೈಯಗಲದ ಹುಳು, ಮೀಸೆಯ ಗಂಟುಗಳನ್ನೂ ಕಾಲಿನ ರೋಮಗಳನ್ನೂ ಒಂದೊಂದಾಗಿ ಎಣಿಸಬಹುದಿತ್ತು. ಬೆನ್ನು ನೋಡಿದ. ಕನ್ನಡಕ ಒರೆಸಿ ಮತ್ತೆ ನೋಡಿದ. ಬೆನ್ನು ಬೆಣ್ಣೆ ಸವರಿದಂತೆ ನುಣುಪಾಗಿ, ಕಪ್ಪಗೆ, ಥಳಥಳ ಹೊಳೆಯುತ್ತಿತ್ತು. ಎಣಿಸಲು ಏನೂ ಇರಲಿಲ್ಲ.

“ಚುಕ್ಕೆ... ಚುಕ್ಕೆಗಳು?”

“ಎಲ್ಲಾ ತೆಗೆದೆ ಸಾರ್!” ಹಿದಾಯತ್ ಗೋಡೆಯ ಮೇಲಿನ ಹೆಣ್ಣುಮಕ್ಕಳತ್ತ ಹೆಮ್ಮೆಯಿಂದ ಕೈ ತೋರಿಸಿದ. “ಇವ್ರಿಗೆಲ್ಲ ನೆಗೆಟಿವ್ ಮ್ಯಾಲೆ ಪೆನ್ಸಿಲ್ ತೀಡಿದ್ರ ಮುಗೀತಿತ್ತು, ಕರಿ ಕಲೆ ನೋಡ್ರಿ. ನಿಮ್ಮವು ಬೆಳ್ಳಗಿದ್ವು, ನೆಗೆಟಿವ್ವನ್ನೇ ಬ್ಲೇಡಿನಿಂದ ಕೆರೀಬೇಕಾತು. ಎರಡು ತಾಸಿನ ಕೆಲಸ. ಕೂದಲು ಮಾತ್ರ ಒಂದೂ ಮುಟ್ಟಿಲ್ಲ, ನೀವು ಹೇಳಿದ್ರಿ.”

“ಕೆರೆದಿರಾ... ಹದಿಮೂರನ್ನೂ?”

“ನಾನು ಎಣಿಸ್ಲಿಲ್ಲ ಸಾರ್. ಖರೇ ಹೇಳಬೇಕಂದ್ರ ಆ ಗಿಡ್ಡ ಲೆನ್ಸಿನಾಗ ತೆಗೆದಿದ್ರ ಇವು ನನ್ ಕಣ್ಣಿಗೂ ಬೀಳ್ತಿರಲಿಲ್ಲ. ನಿಮ್ದು ದೊಡ್ಡ ಲೆನ್ಸು, ಒಂದೊಂದೂ ಕಾಸಿನಗಲ ಎದ್ದು ಹೊಡೀತಿತ್ತು.”

ಅಜ್ಜಪ್ಪ ಫೋಟೋದ ಮೇಲೆ ಬಗ್ಗಿ ನೋಡಿ ತಲೆದೂಗಿದ. ದೂರದಲ್ಲಿ ರೈಲಿನ ಸೀಟಿ ಕೇಳಿಸಿತು. ಮುರುಗೇಶಪ್ಪ ಹಿದಾಯತನ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡ. ಅದನ್ನು ಕೃತಜ್ಞತೆಯೆಂದೇ ತಿಳಿದ ಹಿದಾಯತ್ ಅವನ ಬೆನ್ನು ತಟ್ಟಿದ.

“ಓಡ್ರಿ ಸಾರ್, ಹೊತ್ತಾತು. ಇನ್ನ ಎಂಥಾ ದೊಡ್ಡೋರು ನೋಡಿದ್ರೂ ಇದರಾಗ ಒಂದೇ ಒಂದು ಕಲೆ ಹುಡುಕಾಕ ಆಗಂಗಿಲ್ಲ!”